ತೊಳೆಯಬಾರದಿದ್ದ ಪೆನ್ನು

"ಅದೊಂದನ್ನ ಬಿಟ್ಟು ಬೇರೆ ಯಾವುದನ್ನಾದ್ರೂ ತೊಗೊಳ್ಳಿ," ಎಂದರು ಅಲಮೇಲು ಮಾಮಿ. "ಅದರೊಳಗೆ ಶಾಯಿ ಇದೆ. ಅದನ್ನ ತೊಳೀಬಾರದು. ಅದರಲ್ಲಿ ಬರೀಬಾರದು. ಒಣಗೋದಕ್ಕೂ ಬಿಡಬಾರದು."

ಹಯಗ್ರೀವ ನಕ್ಕುಬಿಟ್ಟ. ಪೆನ್ನು ಸಂಗ್ರಹಿಸುವವನ ಮುಂದೆ ಹಳೇ ಶಾಯಿ ತೊಳೆಯಬೇಡ ಎನ್ನುವುದೂ, ಮಡಿ ಹೆಂಗಸಿನ ಮುಂದೆ ಎಂಜಲು ತಟ್ಟೆ ಎತ್ತಬೇಡ ಎನ್ನುವುದೂ ಒಂದೇ. ಕೈಗೆ ಬಂದ ಹಳೇ ಪೆನ್ನನ್ನು ಮೊದಲು ನೀರಿನಲ್ಲಿ ತೊಳೆದು, ಆಮೇಲೆ ಅದರ ಊರು ಕೇರಿ ವಿಚಾರಿಸುವುದು ಆ ಹುಚ್ಚಿನವರ ಪದ್ಧತಿ. ಹಳೇ ಶಾಯಿ ಒಳಗೇ ಉಳಿದರೆ ಪೆನ್ನು ಸಾಯುತ್ತದೆ ಎಂದು ಅವನು ಚಿಕ್ಕ ಮಕ್ಕಳಿಗೆ ಹೇಳುವಂತೆ ವಿವರಿಸಿದ. ಪೆನ್ನು ಬೇಕಾದರೆ ಸಾಯಲಿ ಎಂದು ಮಾಮಿ ಮುಖ ತಿರುಗಿಸಿದರು.

ಡೊಂಬಿವಲಿ ಪೂರ್ವದ ಹಳೇ ಕಟ್ಟಡದ ಮೂರನೇ ಮಹಡಿ ಅದು. ಅಕ್ಟೋಬರಿನ ಬಿಸಿ. ಕಿಟಕಿ ತೆರೆದರೆ ಕಾರ್ಖಾನೆಗಳ ಕಡೆಯಿಂದ ಮೂಗು ಉರಿಸುವ ಗಾಳಿ, ಮುಚ್ಚಿದರೆ ಒಳಗಿನ ಕರ್ಪೂರ ಮತ್ತು ಡೆಟಾಲಿನ ವಾಸನೆ. ಮಾಮಿಯ ಗಂಡ ಪುಂಡರೀಕಾಕ್ಷ ಕಲ್ಯಾಣದ ಕೋರ್ಟಿನಲ್ಲಿ ವಕೀಲರಾಗಿದ್ದವರು, ಮೈಸೂರಿನ ಕಡೆಯವರು, ಪೆನ್ನಿನ ಹುಚ್ಚಿಗೆ ಹೆಸರಾದವರು. ಅವರು ಹೋದ ಮೇಲೆ ಮಾಮಿ ಸಂಗ್ರಹವನ್ನೆಲ್ಲ ಕೊಟ್ಟುಬಿಡುತ್ತಾರೆಂದು ಕೇಳಿ, ನೆರೂಳದಿಂದ ಹಯಗ್ರೀವ ಓಡಿ ಬಂದಿದ್ದ. ಅವನೂ ಮೈಸೂರಿನವನೇ. ಒಂದು ವಿಮಾ ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿ ದೊಡ್ಡ ಹುದ್ದೆ. ಆದರೆ ಪೆನ್ನಿನವರ ವಾಟ್ಸ್ಯಾಪ್ ಗುಂಪಿನಲ್ಲಿ ಅವನ ಹುದ್ದೆ ಅದಕ್ಕಿಂತ ದೊಡ್ಡದು. ಯಾವ ಮಾಡೆಲ್ ಮೇಲು, ಯಾವುದು ಬರೀ ಜಂಬ ಎಂದು ಅವನು ಹೇಳಿದರೆ ಮುಗಿಯಿತು, ಮತ್ತೆ ಯಾರೂ ತುಟಿ ಪಿಟಕ್ಕೆನ್ನುತ್ತಿರಲಿಲ್ಲ.

ಹಳೇ ಪಂಚೆಯ ಮೇಲೆ ಹರಡಿದ್ದ ಪೆನ್ನುಗಳನ್ನು ಅವನು ಒಂದೊಂದಾಗಿ ಎತ್ತಿ ನೋಡಿದ. ಮಾಂಟ್‌ಬ್ಲಾಂಕ್ 149ರ ಶಾಯಿ ಎಳೆಯುವ ಪಿಸ್ಟನ್ ಬಿಗಿಯಾಗಿತ್ತು, ಸರಿಮಾಡಬಹುದು. ಹಸಿರು ಪಟ್ಟೆಯ ಪೆಲಿಕನ್ ಚೆನ್ನಾಗಿತ್ತು, ಆದರೆ ಅಂಥದ್ದು ಅವನಲ್ಲೇ ಇತ್ತು. ಹೀಗೆ ನೋಡುತ್ತ ನೋಡುತ್ತ ಅವನ ಕಣ್ಣು ಒಳಕೋಣೆಯ ಬಾಗಿಲ ಪಕ್ಕದ ಸ್ಟೂಲಿಗೆ ಹೋಗಿತ್ತು. ಅಲ್ಲಿ ಅಕ್ಕಿ ತುಂಬಿದ ಸ್ಟೀಲ್ ಲೋಟದಲ್ಲಿ ಒಂದು ಕಪ್ಪು ಪೆನ್ನು ನೆಟ್ಟಗೆ ನಿಂತಿತ್ತು.

ಬೇಡವೆಂದರೂ ಅವನು ಅದನ್ನು ಎತ್ತಿಕೊಂಡ. ಕೈಯಲ್ಲಿ ಕಡೆದ ಎಬೊನೈಟ್ ಮೈ, ಗಟ್ಟಿ ಕಪ್ಪು ರಬ್ಬರಿನದು. ಶಾಯಿ ಎಷ್ಟಿದೆಯೆಂದು ತೋರಿಸುವ ಜೇನುಬಣ್ಣದ ಕಿಟಕಿ, ಅದರಲ್ಲಿ ಅರ್ಧಕ್ಕಿಂತ ಕೆಳಗೆ ಏನೋ ಕಪ್ಪಗೆ. ಕ್ಯಾಪು ತಿರುಗಿಸಿದ. ನಿಬ್ಬು ನೋಡಿ ಬಾಯಲ್ಲಿ ನೀರೂರಿತು. ಅದರ ಮೇಲೆ ಕಂಪನಿಯ ಹೆಸರಿಲ್ಲ, ಚಿನ್ನದ ಗುರುತಿಲ್ಲ, ಒಂದಂಕಿಯೂ ಇಲ್ಲ. ಜಗತ್ತಿನ ಯಾವ ಕ್ಯಾಟಲಾಗಿನಲ್ಲೂ ಇಲ್ಲದ ಪೆನ್ನು. ಇಂಥದ್ದೊಂದು ಸಿಕ್ಕರೆ ಗುಂಪಿನವರು ಹೊಟ್ಟೆ ಉರಿದುಕೊಂಡು ಸಾಯುತ್ತಾರೆ. ಬೆಳಕಿಗೆ ಹಿಡಿದಾಗ ಕಿಟಕಿಯೊಳಗಿನ ಶಾಯಿ ಮೆಲ್ಲಗೆ ಏರುತ್ತಿತ್ತು, ಇಳಿಯುತ್ತಿತ್ತು. ತನ್ನ ಕೈ ನಡುಗುತ್ತಿದೆ ಅಂದುಕೊಂಡ. ಪರದೆಯಾಚೆ ಯಾರೋ ಉಸಿರಾಡುತ್ತಿದ್ದರು, ಅದೇ ಲಯದಲ್ಲಿ.

ಅದು ಮಾಮಿಯ ಮಗ ವಸಂತ್. ಮದುವೆಯ ವಯಸ್ಸಿನಲ್ಲಿ ಮಲಗಿದವನು ಮತ್ತೆ ಎದ್ದಿರಲಿಲ್ಲ. ಯಾವ ಡಾಕ್ಟರಿಗೂ ರೋಗ ಸಿಕ್ಕಿರಲಿಲ್ಲ. ರಾಯಚೂರಿನ ಕಡೆಯ ಸತ್ಯಮ್ಮ ಎಂಬಾಕೆ ಹಗಲೆಲ್ಲ ಅವನನ್ನು ನೋಡಿಕೊಳ್ಳುತ್ತಿದ್ದಳು. ಆಗ ಒಳಗಿನಿಂದ ನರಳಿಕೆ ಕೇಳಿ ಮಾಮಿ ಎದ್ದು ಹೋದರು. ಹಯಗ್ರೀವನ ಅಂಗಿಯ ಜೇಬಿನಲ್ಲಿ ಅರಗಿನ ಲೇಪದ ಜಪಾನಿ ಪೈಲಟ್ ಇತ್ತು. ಅದೇ ಕಪ್ಪು, ಹೆಚ್ಚುಕಡಿಮೆ ಅದೇ ಗಾತ್ರ. ಮಾಮಿಯ ಕಣ್ಣಿನಲ್ಲಿ ಪೊರೆ. ಅವನು ಪೈಲಟ್ಟನ್ನು ಅಕ್ಕಿಯಲ್ಲಿ ನೆಟ್ಟು, ಹೆಸರಿಲ್ಲದ್ದನ್ನು ಜೇಬಿಗಿಟ್ಟುಕೊಂಡ. ಇದು ಕಳ್ಳತನವಲ್ಲ, ಅದಲುಬದಲು, ತಾನು ಬಿಟ್ಟು ಹೋಗುತ್ತಿರುವುದೇ ಬೆಲೆಬಾಳುವ ಮಾಲು ಎಂದು ಮೆಟ್ಟಿಲಿಳಿಯುತ್ತ ತನಗೆ ತಾನೇ ತೀರ್ಪು ಕೊಟ್ಟುಕೊಂಡ. ಬೇರೆಯವರ ಪೆನ್ನಿನ ವಿಷಯದಲ್ಲಿ ಅವನ ತೀರ್ಪು ಎಂದೂ ತಪ್ಪಿದ್ದಿಲ್ಲ. ತನ್ನ ವಿಷಯದಲ್ಲಿ ಮಾತ್ರ ಅವನು ಎಲ್ಲರ ಹಾಗೇ ಕುರುಡ.

ಭಾನುವಾರ ಬೆಳಿಗ್ಗೆ ನೆರೂಳದ ಮನೆಯಲ್ಲಿ ಅವನ ಪೂಜೆ ಶುರುವಾಯಿತು. ಊಟದ ಮೇಜಿನ ಮೇಲೆ ಬಿಳಿ ಬಟ್ಟೆ, ಗಾಜಿನ ಲೋಟದಲ್ಲಿ ಶುದ್ಧ ನೀರು. ಹೆಂಡತಿ ಸ್ವರ್ಣಲತಾ ಅಡುಗೆಮನೆಯಿಂದ ಒಮ್ಮೆ ಇಣುಕಿ, ಹೊಸಬರು ಬಂದರಾ ಎಂದು ಕೇಳಿ ಒಳಗೆ ಹೋದಳು. ಅವನು ಹೂಂ ಎಂದದ್ದು ಅವಳಿಗೋ ಪೆನ್ನಿಗೋ ಅವನಿಗೇ ಗೊತ್ತಿರಲಿಲ್ಲ. ಅವರಿಬ್ಬರ ನಡುವೆ ಜಗಳವಿರಲಿಲ್ಲ. ಜಗಳವಾಡುವಷ್ಟು ಮಾತೇ ಇರಲಿಲ್ಲ. ಮಗಳು ಅನಘ ಮಾತ್ರ ಅಪ್ಪನ ಪಕ್ಕದ ಕುರ್ಚಿಯಲ್ಲಿ ಕಾಲು ಮಡಿಸಿ ಕೂತು, ಶಾಯಿ ಹೀರುವ ಒತ್ತುಕಾಗದ ಹಿಡಿದುಕೊಂಡು ಕಾಯುತ್ತಿದ್ದಳು. ಇಲ್ಲೇ ಹುಟ್ಟಿದ ಮಗು. ಅಪ್ಪ ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುವಳು. ಇಡೀ ಮನೆಯಲ್ಲಿ ಅವನು ಪೆನ್ನು ಕೆಳಗಿಟ್ಟು ಮುಖ ನೋಡುತ್ತಿದ್ದುದು ಅವಳೊಬ್ಬಳದು.

ಅವನು ನಿಬ್ಬನ್ನು ನೀರಿನಲ್ಲಿ ಮುಳುಗಿಸಿ ಪಿಸ್ಟನ್ ತಿರುಗಿಸಿದ. ಒಳಗಿನ ಶಾಯಿ ನೂಲಿನಂತೆ ಇಳಿಯಿತು. ನೀರಿನಲ್ಲಿ ಕದಡಲಿಲ್ಲ. ತಳದಲ್ಲಿ ಸುರುಳಿಯಾಗಿ ಮಲಗಿತು. ಕಪ್ಪೂ ಅಲ್ಲದ ಕಂದೂ ಅಲ್ಲದ ಬಣ್ಣ. ಕೂದಲು ಸುಟ್ಟ ವಾಸನೆ, ಅದರ ಹಿಂದೆಯೇ ಹಳೇ ಕಬ್ಬಿಣದ ವಾಸನೆ. ಅನಘ ಮೂಗು ಮುಚ್ಚಿಕೊಂಡಳು. ಹಯಗ್ರೀವ ಲೋಟವನ್ನು ಸಿಂಕಿಗೆ ಚೆಲ್ಲಿದ, ಮತ್ತೆ ತುಂಬಿಸಿದ, ಮತ್ತೆ ಚೆಲ್ಲಿದ. ಇಷ್ಟು ಸಣ್ಣ ಪೆನ್ನಿನಲ್ಲಿ ಇಷ್ಟೊಂದು ಎಲ್ಲಿತ್ತೋ, ಬರುತ್ತಲೇ ಇತ್ತು. ನೀರು ತಿಳಿಯಾಗುವ ತನಕ ಬಿಡುವ ಆಸಾಮಿ ಅವನಲ್ಲ. ಕೊನೆಗೊಮ್ಮೆ ಪಿಸ್ಟನ್ ಒತ್ತಿದಾಗ ಒಳಗಿನಿಂದ ಗಾಳಿಯಂಥದ್ದು ಹೊರಟು ನಿಂತಿತು. ನಿಟ್ಟುಸಿರಿನಂತೆ ಕೇಳಿಸಿತು. ಆಮೇಲೆ ನೀರು ತಿಳಿಯಾಯಿತು. ಅವನಿಗೆ ಏನೋ ದೊಡ್ಡ ಕೆಲಸ ಮಾಡಿದ ಸಂತೋಷವಾಯಿತು.

ಇನ್ನು ಹೋಲಿಕೆ. ಇದಕ್ಕೂ ಅವನದೊಂದು ಪದ್ಧತಿಯಿತ್ತು. ಎಲ್ಲ ಪೆನ್ನುಗಳಲ್ಲೂ, ಒಂದೇ ಕಾಗದದ ಮೇಲೆ, ಒಂದೇ ಪದ ಬರೆಯುವುದು. ಆ ಪದ ಅನಘ. 'ಅ'ಕಾರದ ಸುತ್ತಿನಲ್ಲಿ ನಿಬ್ಬಿನ ನುಣುಪು ಗೊತ್ತಾಗುತ್ತದೆ, 'ನ'ದ ಬಾಲದಲ್ಲಿ ಶಾಯಿಯ ಹರಿವು, 'ಘ'ದ ಹೊಟ್ಟೆಯಲ್ಲಿ ಅದರ ಬಾಗು ಎಂದು ಗುಂಪಿನವರಿಗೆ ಹೇಳುತ್ತಿದ್ದ. ನಿಜವೇನೆಂದರೆ ಆ ಹೆಸರು ಬರೆಯುವುದೇ ಅವನಿಗೆ ಇಷ್ಟ. ತನ್ನ 149ರಲ್ಲಿ ಬರೆದ. ಅಗಲ ಕುರ್ಚಿಯಲ್ಲಿ ಕೂತಂಥ ಸುಖ, ಆದರೆ ಕೊಂಚ ಸೋಮಾರಿ. ಪೆಲಿಕನ್ M1000 ಧಾರಾಳವಾಗಿ ಶಾಯಿ ಸುರಿಯಿತು, ಕಾಗದ ಒಳ್ಳೆಯದಿಲ್ಲದಿದ್ದರೆ ಮಾನ ಕಳೆಯುವ ಜಾತಿ. ಜಪಾನಿ ಸೇಲರ್ ಪೆನ್ನಿನ ದೊಡ್ಡ ನಿಬ್ಬು ಕಾಗದವನ್ನು ಪೆನ್ಸಿಲಿನಂತೆ ಕೆರೆಯುತ್ತ ಸಾಗುತ್ತದೆ, ಕೆಲವರಿಗೆ ಅದೇ ಹಿಡಿಸುತ್ತದೆ. ಕೊನೆಗೆ ಹೆಸರಿಲ್ಲದ ಪೆನ್ನಿಗೆ ತನ್ನ ನೀಲಿ ಶಾಯಿ ತುಂಬಿ ಬರೆದ.

ಅಂಥ ನಿಬ್ಬನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ. ಕೈ ಬರೆಯುತ್ತಿಲ್ಲ, ಹೆಸರೇ ಕೈಯನ್ನು ಎಳೆದುಕೊಂಡು ಹೋಗುತ್ತಿದೆ ಅನ್ನಿಸಿತು. ಸಾಲು ತುಂಬಿತು. ಪುಟ ತುಂಬತೊಡಗಿತು. ನೀಲಿಯಾಗಿ ಇಳಿದ ಅಕ್ಷರಗಳು ಒಣಗುತ್ತ ಕಂದುಗಪ್ಪಾದವು. ಅನಘ ತಲೆ ಸುತ್ತಿ ಒತ್ತುಕಾಗದ ಕೆಳಗಿಟ್ಟು, ಮೇಜಿಗೆ ಹಣೆ ಆನಿಸಿದಳು.

"ಅಪ್ಪಾ, ಚಕ್ಕರ್ ಆ ರಹಾ ಹೈ."

ಒಂದು ನಿಮಿಷ ಪುಟ್ಟಾ ಎಂದು ಅವನು ಇನ್ನೊಂದು ಸಾಲು ಬರೆದ. ಕುರ್ಚಿ ಉರುಳಿದ ಸದ್ದಾಯಿತು. ಮಗಳು ನೆಲದ ಮೇಲಿದ್ದಳು. ಅವಳ ತುಟಿ ಕಾಗದದಷ್ಟು ಬಿಳುಪಾಗಿತ್ತು. ಅವನು ಪೆನ್ನನ್ನು ಎಲ್ಲೋ ಎಸೆದು ಅವಳನ್ನು ಎತ್ತಿಕೊಂಡು ಲಿಫ್ಟಿಗೆ ಓಡಿದ.

ಮೈಯಲ್ಲಿ ರಕ್ತವೇ ಇಲ್ಲ ಎಂದರು ಆಸ್ಪತ್ರೆಯಲ್ಲಿ. ಎಲ್ಲಿಂದಲೂ ಸೋರಿಲ್ಲ, ಒಳಗೆಲ್ಲೂ ಒಡೆದಿಲ್ಲ, ಆದರೂ ಇಲ್ಲ. ಒಂದು ಬಾಟಲಿ ಹಾಕಿದರು, ಇನ್ನೊಂದು ಹಾಕಿದರು. ಮರುದಿನ ಪರೀಕ್ಷೆ ಮಾಡಿದರೆ ಹಾಕಿದ್ದೂ ಇರಲಿಲ್ಲ. ಸ್ವರ್ಣಲತಾ ಮಗಳ ಪಾದ ಉಜ್ಜುತ್ತ ಕೂತಿದ್ದಳು, ಅಳುತ್ತಿರಲಿಲ್ಲ. ಹಯಗ್ರೀವ ಕಾರಿಡಾರಿನಲ್ಲಿ ಡಾಕ್ಟರುಗಳ ಹಿಂದೆ ಅಲೆಯುತ್ತಿದ್ದಾಗ ಫೋನ್ ಬಂತು. ಅಲಮೇಲು ಮಾಮಿ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಅವನಿಗೆ ಹೆದರಿಕೆಯಾಯಿತು.

"ತೊಳೆದ್ರಾ?"

ಅವನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ.

"ನಿನ್ನೆ ಬೆಳಿಗ್ಗೆ ವಸಂತ ಹೋದ. ಅವನ ಮೈ ಬೆಳ್ಳಗೆ, ತೊಳೆದಿಟ್ಟ ಹಾಗಿತ್ತು. ಆಗ ಲೋಟ ನೋಡಿದೆ, ಪೆನ್ನು ಬೇರೆ." ಮಾಮಿ ಉಸಿರೆಳೆದುಕೊಂಡರು. "ಯಾರ ಹೆಸರು ಬರೆದ್ರಿ?"

ಅವನು ರೇಗಿದ. ಮಗಳು ಸಾವು ಬದುಕಿನಲ್ಲಿರುವಾಗ ಈ ಮೌಢ್ಯ ನಿಮಗೆ ಶೋಭಿಸುವುದಿಲ್ಲ ಎಂದ. ಮಾಮಿ ಪೂರ್ತಿ ಕೇಳಿಸಿಕೊಂಡು, ಪೆನ್ನು ಬಾಯಿ ತೆರೆದೇ ಇದ್ದರೆ ಮೊದಲು ಹೋಗಿ ಮುಚ್ಚಿ, ಆಮೇಲೆ ಅದನ್ನು ತೊಗೊಂಡು ಇಲ್ಲಿಗೆ ಬನ್ನಿ ಎಂದಷ್ಟೇ ಹೇಳಿ ಫೋನ್ ಇಟ್ಟರು. ಮತ್ತೆ ಮಾಡಿದರೆ ಎತ್ತಲಿಲ್ಲ.

ನಂಬಿಕೆಯಿಂದ ಅಲ್ಲ, ತಡೆಯಲಾರದೆ ಅವನು ಮನೆಗೆ ಓಡಿದ. ಪೆನ್ನು ಮೇಜಿನ ಕಾಲಿನ ಪಕ್ಕ ಬಿದ್ದಿತ್ತು, ಕ್ಯಾಪಿಲ್ಲದೆ. ನಿಬ್ಬಿನ ತುದಿಯಲ್ಲಿ ಕಂದು ಹೆಪ್ಪು. ಕೋಣೆಯಲ್ಲೆಲ್ಲ ಕೂದಲು ಸುಟ್ಟ ವಾಸನೆ. ಅಷ್ಟೆಲ್ಲ ಬರೆದ ಮೇಲೆ ಬರಿದಾಗಿರಬೇಕಿದ್ದ ಕಿಟಕಿ ತುಂಬಿತ್ತು. ನೀಲಿಯ ಸುಳಿವೇ ಇರಲಿಲ್ಲ. ಮೇಲ್ಭಾಗದಲ್ಲಿ ಮಾತ್ರ ಒಂದಿಷ್ಟು ಜಾಗ ಖಾಲಿ, ಅಷ್ಟು ಗಾಳಿಗೆ ಆರಿಹೋಗಿತ್ತು. ಉಳಿದದ್ದು ಏರುತ್ತಿತ್ತು, ಇಳಿಯುತ್ತಿತ್ತು. ಚಿಕ್ಕ ಚಿಕ್ಕದಾಗಿ, ಅವಸರವಾಗಿ. ಆ ಉಸಿರನ್ನು ಅವನು ಆಸ್ಪತ್ರೆಯಲ್ಲಿ ರಾತ್ರಿಯಿಡೀ ಕೇಳಿದ್ದ. ಮಂಡಿಯೂರಿ ಕ್ಯಾಪು ಹುಡುಕಿ ತಿರುಗಿಸಿ ಬಿಗಿ ಮಾಡಿದ. ಜೇಬಿನಲ್ಲಿ ಫೋನ್ ಅದುರಿತು. ಈಗ ತಾನೇ ನಾಡಿ ಸ್ವಲ್ಪ ಕೈಗೆ ಸಿಗುತ್ತಿದೆಯಂತೆ ಎಂದಳು ಸ್ವರ್ಣಲತಾ. ಇನ್ನು ನಗುವುದಕ್ಕೆ ಅವನಲ್ಲಿ ಏನೂ ಉಳಿದಿರಲಿಲ್ಲ.

ಅವನು ಕಪಾಟು ತೆರೆದು ತನ್ನ ಪೆನ್ನುಗಳನ್ನೆಲ್ಲ ನೆಲಕ್ಕೆ ಸುರಿದುಕೊಂಡ. ಇಷ್ಟು ವರ್ಷ ಹೋಲಿಸಿದವನು ಈಗ ಜೀವ ಬಾಯಿಗೆ ಬಂದು ಹೋಲಿಸತೊಡಗಿದ. ಎಷ್ಟು ಬಿಗಿಯಾದ ಕ್ಯಾಪಾದರೂ ಶಾಯಿ ದಿನದಿನಕ್ಕೆ ಆರುತ್ತದೆ. ಯಾವುದು ಅತಿ ನಿಧಾನ? 149 ಹೆಚ್ಚು ಹಿಡಿಯುತ್ತದೆ, ಆದರೆ ತಿಂಗಳುಗಟ್ಟಲೆ ಇಟ್ಟರೆ ದಪ್ಪಗಾಗುತ್ತದೆ. ಪೆಲಿಕನ್ ಅದಕ್ಕಿಂತ ವಾಸಿ. ಪೈಲಟ್ 823ರ ಒಳಗೆ ಶಾಯಿಯನ್ನು ಪೂರ್ತಿ ಮುಚ್ಚಿಬಿಡುವ ಬಿರಡೆಯಿದೆ. ಪ್ಲಾಟಿನಂ 3776ರ ಕ್ಯಾಪಿನೊಳಗೆ ಸ್ಪ್ರಿಂಗ್ ಇದೆ, ವರ್ಷ ಕಳೆದರೂ ನಿಬ್ಬು ಹಸಿ. ಅದಕ್ಕೆ ಸುರಿದುಬಿಡಲೇ? ಸುರಿಯುವಾಗ ಒಂದು ಹನಿ ಹಳೇ ಪೆನ್ನಿನ ಗೋಡೆಗೆ ಅಂಟಿಯೇ ಅಂಟುತ್ತದೆ. ಆ ಹನಿ ಅವಳ ಏನು? ಕಣ್ಣೋ? ನಗುವೋ? ಅವನು ಪೆನ್ನುಗಳ ನಡುವೆ ಕೂತು ಗೊಳೋ ಎಂದು ಅತ್ತ. ಅಷ್ಟೂ ಪೆನ್ನುಗಳಲ್ಲಿ ಮಗಳನ್ನು ಇಡಲು ಯೋಗ್ಯವಾದದ್ದು ಒಂದೂ ಇರಲಿಲ್ಲ.

ಸಂಜೆ ಅವನು ಹೊರಟ. ರಸ್ತೆಯಲ್ಲಿ ಹೋದರೆ ಶಿಳ್‌ಫಾಟಾದ ಟ್ರಾಫಿಕ್ಕಿನಲ್ಲಿ ಸಿಕ್ಕಿಬೀಳಬೇಕು. ನೆರೂಳದಿಂದ ಠಾಣೆ ಜಂಕ್ಷನ್ನಿಗೆ ಲೋಕಲ್ ರೈಲು ಹಿಡಿದ. ಪೆನ್ನನ್ನು ನಿಬ್ಬು ಮೇಲಾಗಿ ಎದೆಯ ಜೇಬಿನಲ್ಲಿಟ್ಟು ಎರಡೂ ಕೈ ಮುಚ್ಚಿಕೊಂಡಿದ್ದ. ಠಾಣೆಯಲ್ಲಿ ಸೇತುವೆ ತುಂಬ ಜನ. ಕಚೇರಿ ಬಿಟ್ಟ ಹೊತ್ತು. ಬೆವರು, ವಡಾಪಾವಿನ ಎಣ್ಣೆ, ಕಬ್ಬಿಣ. ಯಾರದೋ ಬ್ಯಾಗು ಎದೆಗೆ ಬಡಿಯಿತು. ಅವನು ಕಿರುಚಿದ. ಜನ ತಿರುಗಿ ನೋಡಿದರು. ಡೊಂಬಿವಲಿಯ ಗಾಡಿ ಬಂತು. ಹತ್ತಲಿಲ್ಲ, ಜನರೇ ಹತ್ತಿಸಿದರು. ಮೊಣಕೈಗಳು. ಭುಜಗಳು. ಎದೆಯ ಮೇಲೆ ಭಾರ. ಜೇಬಿನಲ್ಲಿ ಬಿಸಿಯಾಗಿ ಏನೋ ಒದ್ದೆಯಾಯಿತು. ಅವನು ನೋಡಲಿಲ್ಲ. ನೋಡುವ ಧೈರ್ಯವಿರಲಿಲ್ಲ. ಸ್ವಾಮಿ, ಬೆವರಾಗಿರಲಿ. ಬೆವರಾಗಿರಲಿ. ಡೊಂಬಿವಲಿಯಲ್ಲಿ ಇಳಿದು ಜೇಬು ಮುಟ್ಟಿ, ಬೆರಳನ್ನು ದೀಪಕ್ಕೆ ಹಿಡಿದ. ಕಂದು. ಸ್ವರ್ಣಲತಾಗೆ ಫೋನ್ ಮಾಡಿದ. ಮಗಳು ಬಲಗೈ ಎತ್ತುತ್ತಿಲ್ಲ ಎಂದಳು ಅವಳು.

ಮಾಮಿಯ ಕಟ್ಟಡದಲ್ಲಿ ದುರಸ್ತಿಗೆಂದು ಕರೆಂಟ್ ತೆಗೆದಿದ್ದರು. ಮೆಟ್ಟಿಲುಗಳಲ್ಲಿ ಕಣ್ಣಿಗೆ ಹಚ್ಚಿಕೊಳ್ಳುವಂಥ ಕತ್ತಲು. ಮೂರನೇ ಮಹಡಿಯಲ್ಲಿ ಸತ್ಯಮ್ಮ ಮೊಬೈಲಿನ ದೀಪ ಹಿಡಿದು ನಿಂತಿದ್ದಳು. "ಬಂದ್ರೇನ್ರೀ," ಎಂದಳು. "ವಸಂತ ತಮ್ಮನ ಮೈಯಾಗ ಒಂದ್ ಹನಿ ರಕ್ತ ಇರ್ಲಿಲ್ರೀ. ಎತ್ತಿದ್ರ ಹತ್ತಿ ಎತ್ತಿದಂಗಾತು." ಅವಳು ದಾರಿ ಬಿಟ್ಟು ಗೋಡೆಗಂಟಿ ನಿಂತಳು, ಅವನ ಅಂಗಿ ತಾಗದ ಹಾಗೆ.

ಒಳಗೆ ತೊಳೆದ ನೆಲ ಇನ್ನೂ ಹಸಿಯಿತ್ತು. ಮಂಚ ಖಾಲಿ. ನೆಲದ ಮೇಲೊಂದು ಹಣತೆ. ಹಯಗ್ರೀವ ಮಾಮಿಯ ಕಾಲು ಹಿಡಿದುಕೊಂಡ. ನಾನು ಕೊಲೆಗಾರ, ನನ್ನನ್ನು ಏನು ಬೇಕಾದರೂ ಮಾಡಿ, ಮಗುವನ್ನು ಉಳಿಸಿಕೊಡಿ ಎಂದ. ಮಾಮಿ ಕಾಲು ಎಳೆದುಕೊಳ್ಳಲಿಲ್ಲ, ತಲೆಯನ್ನೂ ಮುಟ್ಟಲಿಲ್ಲ. ಗೋಡೆ ನೋಡುತ್ತ ನಡೆದದ್ದನ್ನು ಹೇಳಿದರು.

ಪುಂಡರೀಕಾಕ್ಷರು ಕಲ್ಯಾಣದ ಹಿನ್ನೀರಿನ ಖಾಡಿಯ ಹತ್ತಿರ ಒಬ್ಬ ಮುದುಕನ ಮನೆಯನ್ನು ಸುಳ್ಳು ಉಯಿಲಿನ ಮೇಲೆ ಬೇರೆಯವರ ಪಾಲು ಮಾಡಿಸಿದ್ದರು. ಆ ಮುದುಕ ಕೋರ್ಟಿನ ಹೊರಗೆ ಕೈಮುಗಿದು ಈ ಪೆನ್ನು ಕೊಟ್ಟ. ನೀವು ಪೆನ್ನಿನ ಪ್ರೇಮಿಗಳಂತೆ, ಒಳ್ಳೇ ಕೈಯಲ್ಲಿರಲಿ ಎಂದ. ಹೊಸ ಪೆನ್ನು ಸಿಕ್ಕರೆ ಇಂಥವರು ಮೊದಲು ಬರೆಯುವುದು ತಮಗೆ ತೀರಾ ಬೇಕಾದವರ ಹೆಸರನ್ನೇ ಎಂದು ಮಾಟ ಮಾಡಿಸಿದವನಿಗೆ ಗೊತ್ತಿತ್ತು. ಅವರು ಮಗನ ಹೆಸರು ಬರೆದರು. ಮಗ ಮಲಗಿದ. ಆಮೇಲೆ ಬೇರೆ ಪೆನ್ನಿಗೆ ಸುರಿಯಲು ಹೋದರು, ಒಂದು ಹನಿ ಒಳಗೇ ಅಂಟಿತು, ಅಂದಿನಿಂದ ಮಗನಿಗೆ ಮಾತಿಲ್ಲ. ಎರಡನೇ ಪೆನ್ನಿನಿಂದ ಮತ್ತೆ ಇದಕ್ಕೇ ತಂದರು, ಕಾಲು ಹೋಯಿತು. ಭಿವಂಡಿಯಲ್ಲೊಬ್ಬ ಮಂತ್ರವಾದಿ ದೂರದಿಂದಲೇ ನೋಡಿ ಬಾಗಿಲು ಹಾಕಿಕೊಂಡ. ಹಾಕಿಕೊಳ್ಳುವ ಮುಂಚೆ ಒಂದು ಮಾತು ಹೇಳಿದ. ಇನ್ನೊಂದು ಹೆಸರು ಬರೆದರೆ ಒಳಗಿರುವ ಜೀವ ಬಿಡುಗಡೆಯಾಗುತ್ತದೆ, ಬರೆದ ಹೆಸರಿನದು ಒಳಗೆ ಹೋಗುತ್ತದೆ. ಆದರೆ ಬರೆಯುವ ಕೈಗೆ ಆ ಹೆಸರು ಪ್ರಾಣವಾಗಿರಬೇಕು. ಇಲ್ಲದಿದ್ದರೆ ನಿಬ್ಬು ನಡೆಯುವುದಿಲ್ಲ.

"ಅವರು ತಮ್ಮ ಹೆಸರು ಬರ್ಕೊಂಡ್ರು. ನಡೀಲಿಲ್ಲ. ನನ್ನ ಹೆಸರು ಬರೆದ್ರು. ಅದೂ ನಡೀಲಿಲ್ಲ," ಎಂದರು ಮಾಮಿ. "ಆಮೇಲೆ ನನ್ನ ಕೈಗೆ ಕೊಟ್ಟು, ನನ್ನ ಹೆಸರು ನೀನು ಬರಿ ಅಂದ್ರು. ಬರೆದೆ." ಹಣತೆಯ ಬತ್ತಿ ಚಿಟಿಚಿಟಿ ಎಂದಿತು. "ಒಣಗಿತ್ತು ಕಣಪ್ಪ. ಒಂದು ಗೆರೇನೂ ಬೀಳಲಿಲ್ಲ. ಆಮೇಲೂ ಅವರ ಜತೆ ಅಷ್ಟು ವರ್ಷ ಒಂದೇ ಮನೇಲಿ ಇದ್ದೆ. ನನ್ನ ಕೈಗೆ ಇದ್ದದ್ದು ಮಗ ಒಬ್ಬನೇ, ಅವನು ಅದರೊಳಗೇ ಇದ್ದ."

ಅವನು ಆಸ್ಪತ್ರೆಗೆ ಹೇಗೆ ಮರಳಿದನೋ ಅವನಿಗೇ ಗೊತ್ತಿಲ್ಲ. ಅನಘ ಗೋಡೆಯ ಬಣ್ಣಕ್ಕೆ ತಿರುಗಿದ್ದಳು. ನರ್ಸ್ ಹೊರಗೆ ಹೋಗುವುದನ್ನೇ ಕಾದು, ಹಯಗ್ರೀವ ಸ್ವರ್ಣಲತಾಗೆ ಎಲ್ಲವನ್ನೂ ಹೇಳಿದ. ಕದ್ದದ್ದನ್ನು, ತೊಳೆದದ್ದನ್ನು, ಬರೆದದ್ದನ್ನು. ಅವಳು ಹುಚ್ಚೇ ಎಂದು ಕೇಳಲಿಲ್ಲ. ಪೆನ್ನನ್ನು ತೆಗೆದುಕೊಂಡು ಅದರ ಕಿಟಕಿಯನ್ನು ಮಗಳ ಎದೆಯ ಪಕ್ಕ ಹಿಡಿದಳು. ಎರಡೂ ಒಟ್ಟಿಗೇ ಏರಿದವು, ಒಟ್ಟಿಗೇ ಇಳಿದವು. ಕಿಟಕಿಯಲ್ಲಿ ಇನ್ನು ಕಾಲುಭಾಗವೂ ಉಳಿದಿರಲಿಲ್ಲ.

ಅವನು ಔಷಧದ ಚೀಟಿಯನ್ನು ಮಗುಚಿ ತನ್ನ ಹೆಸರು ಬರೆದ. ನಿಬ್ಬು ಕೆರೆಯಿತು. ಬರಿಯ ಗೀರು. ಮತ್ತೆ ಒತ್ತಿ ಬರೆದ. ಕಾಗದ ಹರಿಯಿತು, ಶಾಯಿ ಬರಲಿಲ್ಲ. ಅಪ್ಪನ ಹೆಸರು ಬರೆಯೋಣವೆಂದರೆ ಅವರು ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಅಲಮೇಲು ಎಂದು ಬರೆದ, ನಾಚಿಕೆಗೆಟ್ಟು. ಗೀರು. ಮೇಲಧಿಕಾರಿಯ ಹೆಸರು, ಬಾಲ್ಯದ ಗೆಳೆಯನ ಹೆಸರು. ಗೀರು, ಗೀರು. ಅವನ ಬಾಯಿಂದ ಏನೇನೋ ಸದ್ದು ಬರುತ್ತಿತ್ತು. ಮಗಳ ಉಸಿರು ತಡವರಿಸಿತು.

"ನನ್ನದು ಬರೀರಿ," ಎಂದಳು ಸ್ವರ್ಣಲತಾ.

ಆಗುವುದಿಲ್ಲ ಎಂದ.

"ಹೊತ್ತಿಲ್ಲ ರೀ. ಬರೀರಿ."

ಅವನು ಬರೆದ. ಅಳುತ್ತಲೇ ಬರೆದ. ದೇವರೇ ಬೇಡ ಎಂದುಕೊಳ್ಳುತ್ತ, ದೇವರೇ ನಡೆಯಲಿ ಎಂದುಕೊಳ್ಳುತ್ತ, ನಾಲ್ಕಕ್ಷರವನ್ನೂ ಪೂರ್ತಿ ಬರೆದ. ಸ್ವರ್ಣಲತಾ.

ಚೀಟಿಯ ಮೇಲೆ ಏನೂ ಇರಲಿಲ್ಲ. ದೀಪಕ್ಕೆ ಓರೆಯಾಗಿ ಹಿಡಿದರೆ ಮಾತ್ರ ಕಾಣುವಂಥ ನಾಲ್ಕು ಒಣ ಗೀರುಗಳು. ಅವಳು ಅವನ್ನು ನೋಡಿದಳು. ಬಹಳ ಹೊತ್ತೇನಲ್ಲ. ಅವಳ ಮುಖದಲ್ಲಿ ಆಶ್ಚರ್ಯ ಕಾಣಲಿಲ್ಲ ಎಂಬುದೇ ಅವನನ್ನು ಇರಿಯಿತು. ಅವನು ಹಾಗಲ್ಲ ಸ್ವರ್ಣ, ನಿಬ್ಬು ಕಟ್ಟಿಕೊಂಡಿದೆ, ಒಣಗಿದೆ ಎಂದು ತೊದಲಿದ. ಅವಳು ಅವನ ಬೆರಳುಗಳಿಂದ ಪೆನ್ನನ್ನು ಬಿಡಿಸಿಕೊಂಡಳು.

ಅವಳು ಏನು ಬರೆಯಹೊರಟಿದ್ದಾಳೆಂದು ಅವನಿಗೆ ತಿಳಿಯಿತು. ನಡೆಯುವುದಿಲ್ಲ. ಹೇಗೆ ನಡೆದೀತು? ಈ ಗೀರುಗಳನ್ನು ನೋಡಿದ ಮೇಲೆ ಯಾವ ಕೈಯಲ್ಲಿ ನಡೆದೀತು? ಮಗಳು ಹೋಗುತ್ತಾಳೆ. ತನ್ನಿಂದ ಹೋಗುತ್ತಾಳೆ. ಇಷ್ಟು ವರ್ಷ ಹೂಂ ಎಂದದ್ದಕ್ಕೆ, ಮುಖ ನೋಡದೆ ಇದ್ದದ್ದಕ್ಕೆ ಹೋಗುತ್ತಾಳೆ. ಅವನು ಕಣ್ಣು ಮುಚ್ಚಿಕೊಂಡ. ನಿಬ್ಬು ಕಾಗದಕ್ಕೆ ತಾಗಿದ ಸದ್ದು ಕೇಳಿಸಿತು. ಕೆರೆತದ ಸದ್ದಿಗಾಗಿ ಕಾದ.

ಸದ್ದೇ ಬರಲಿಲ್ಲ.

ಕಣ್ಣು ತೆರೆದ. ಹ. ಹಸಿಯಾಗಿ, ಹೊಳೆಯುತ್ತ. ಯ. ಶಾಯಿ ತುಂಬಿ ಹರಿಯುತ್ತಿತ್ತು, ಎಲ್ಲೂ ತಡೆಯದೆ, ಎಲ್ಲೂ ತೆಳುವಾಗದೆ. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ಕೈ ಮಾತ್ರ ನಡುಗಲಿಲ್ಲ. ಗ್ರೀ. ಅವನ ಕಾಲಿನ ಶಕ್ತಿ ಸೋರಿತು. ಕುರ್ಚಿಗೆ ಕುಸಿದ. ನಾಲಿಗೆ ದಪ್ಪವಾಯಿತು. ವ. ಮೈ ತಣ್ಣಗೆ, ಹಗುರವಾಗಿ, ಎಲ್ಲೋ ಇಕ್ಕಟ್ಟಾದ ಕತ್ತಲೊಳಕ್ಕೆ ಎಳೆದುಕೊಂಡಂತಾಯಿತು. ಇಂಥ ಪ್ರೀತಿ ತನ್ನ ಮನೆಯಲ್ಲೇ, ತನ್ನ ಊಟದ ಮೇಜಿನ ಆಚೆಬದಿಯಲ್ಲೇ ಇತ್ತೆಂದು ಅವನಿಗೆ ತಿಳಿದದ್ದು ಆಗ. ಅವನಿಗೆ ಹೇಳಿಕೊಳ್ಳಲಾರದಷ್ಟು ಸುಖವಾಯಿತು, ಅಷ್ಟೇ ದುಃಖವಾಯಿತು.

ಮಂಚದ ಮೇಲೆ ಅನಘಳ ತುಟಿಗೆ ಬಣ್ಣ ಬರುತ್ತಿತ್ತು. ಅವಳು ಬಲಗೈಯಿಂದ ಹೊದಿಕೆ ಸರಿಸಿ, "ಅಮ್ಮಾ, ಪಾನೀ," ಎಂದಳು.

ಸ್ವರ್ಣಲತಾ ಕ್ಯಾಪನ್ನು ತಿರುಗಿಸಿ ತಿರುಗಿಸಿ ಬಿಗಿ ಮಾಡಿದಳು. ಹಯಗ್ರೀವನಿಗೆ ಹೇಳಬೇಕಿತ್ತು. ಆ ಒಣ ಗೀರುಗಳು ಇನ್ನು ಸುಳ್ಳು, ಈಗ ಕೊಟ್ಟರೆ ನಿನ್ನ ಹೆಸರು ನನ್ನ ಕೈಯಲ್ಲಿ ಹರಿಯುತ್ತದೆ ಎಂದು ಹೇಳಬೇಕಿತ್ತು. ಬಾಯಿ ತೆರೆದ. ಮಾತು ಹೊರಡಲಿಲ್ಲ. ಅವಳು ಅವನ ಕಡೆ ನೋಡಲೂ ಇಲ್ಲ. ಪೆನ್ನನ್ನು ನೆಟ್ಟಗೆ ಎದೆಗೆ ಒತ್ತಿ ಹಿಡಿದುಕೊಂಡೇ, ಇನ್ನೊಂದು ಕೈಯಿಂದ ಮಗಳ ತಲೆ ಎತ್ತಿ ನೀರು ಕುಡಿಸತೊಡಗಿದಳು.